ಎಂಪಿ3 ಹುಟ್ಟಿದ ಕಥೆ



ನಮ್ಮ ಗಾಯನ ತಂಡದ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕುವಾಗ ಚರ್ಚೆ ಎದ್ದಿತು. ಒಬ್ಬ ಎಂಪಿ3 ಸಾಕು ಅಂದ, ಇನ್ನೊಬ್ಬಳು ವೇವ್ ಫೈಲೇ ಬೇಕು ಅಂದಳು. ಬಿ.ಎಸ್ಸಿ. ಓದಿದವನೆಂದು ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಂತು!

ಧ್ವನಿ ಎಂದರೆ ಗಾಳಿಯ ಒತ್ತಡದ ಏರಿಳಿತ. ಅದನ್ನು ಅಂಕಿಗಳಾಗಿಸಲು ಮತ್ತೆ ಮತ್ತೆ ಅಳೆದು ಬರೆದಿಡಬೇಕು. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಮಾರುಕಟ್ಟೆಗೆ ತಂದ ಸಿ.ಡಿ.ಗೆ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್ ತನಕ. ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಲ ಅಳೆದರೆ ಸಾಕು. ಹಾಗಾದರೆ ಸರಿಯಾಗಿ 44,100 ಯಾಕೆ? ಆ ಕಾಲದಲ್ಲಿ ಇಷ್ಟೊಂದು ಅಂಕಿ ತುಂಬಿಡಲು ಸಿಗುತ್ತಿದ್ದದ್ದು ವಿಡಿಯೊ ಟೇಪು. ಅದರಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬರುತ್ತಿತ್ತು, ಪ್ರತಿ ಸಲ ಬಳಸಬಹುದಾದ ಗೆರೆ 245, ಗೆರೆಗೆ 3 ಅಳತೆ. ಗುಣಿಸಿ ನೋಡಿ. ಟಿ.ವಿ.ಯ ಲೆಕ್ಕ ಇವತ್ತೂ ನಮ್ಮ ಹಾಡುಗಳೊಳಗೆ ಕೂತಿದೆ.

ಒಂದೊಂದು ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್. ನಿಮಿಷದ ಹಾಡಿಗೆ ಹತ್ತು ಎಂಬಿಗಿಂತ ಹೆಚ್ಚಾಯಿತು. 1991ರಲ್ಲಿ ಬಂದ ವೇವ್ ಫೈಲಿನಲ್ಲಿ ಸಾಮಾನ್ಯವಾಗಿ ಈ ಅಂಕಿಗಳು ಹಾಗೇ ಇರುತ್ತವೆ.

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಡೀಟರ್ ಸೈಟ್ಸರ್ ಎಂಬ ಪ್ರಾಧ್ಯಾಪಕರಿಗೆ ಫೋನ್ ತಂತಿಯಲ್ಲೇ ಸಂಗೀತ ಕಳಿಸುವ ಆಸೆ ಇತ್ತು. ಅವರ ಶಿಷ್ಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಇದಕ್ಕೆ ಕಿವಿಯ ದೌರ್ಬಲ್ಯವನ್ನೇ ಬಳಸಿಕೊಂಡರು. ದೊಡ್ಡ ಗಂಟೆ ಹೊಡೆಯುವಾಗ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ ಅಲ್ಲವೇ? ಹಾಗೆ ಅಡಗಿಹೋಗುವ ಸದ್ದನ್ನು ಒರಟಾಗಿ ಬರೆದರೆ, ಇಲ್ಲವೇ ಬಿಟ್ಟೇಬಿಟ್ಟರೆ, ಯಾರಿಗೂ ಗೊತ್ತಾಗದು. ಆದರೆ ಸುಜಾನ್ ವೇಗಾ ವಾದ್ಯವಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಹಾಕಿದಾಗ ಉಪಾಯ ಕೈಕೊಟ್ಟಿತು. ಒಂಟಿ ದನಿ, ತಪ್ಪನ್ನು ಮುಚ್ಚಲು ಬೇರೆ ಸದ್ದೇ ಇಲ್ಲ. ಅದೊಂದೇ ಹಾಡನ್ನು ಅವರು ನೂರಾರು ಸಲ ಕೇಳಿ ತಿದ್ದಿದರು. 1995ರ ಜುಲೈ 14ರಂದು ಫ್ರೌನ್‌ಹೋಫರ್ ಸಂಸ್ಥೆಯವರು ಫೈಲಿಗೆ ‘.ಎಂಪಿ3’ ಎಂಬ ಬಾಲ ಗೊತ್ತುಮಾಡಿದರು. 128 ಕೆಬಿಪಿಎಸ್‌ನಲ್ಲಿ ಹಾಡು ಸಿ.ಡಿ.ಯ ಹನ್ನೊಂದನೇ ಒಂದು ಭಾಗಕ್ಕೆ ಇಳಿಯಿತು. ನ್ಯಾಪ್‌ಸ್ಟರ್, ಐಪಾಡ್ ಎಲ್ಲ ಆಮೇಲಿನ ಮಾತು.

ಒಂದು ವಿಷಯ ಮಾತ್ರ ನೆನಪಿರಲಿ: ಎಂಪಿ3ಯನ್ನು ವೇವ್ ಮಾಡಿದರೆ ಫೈಲು ಉಬ್ಬುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್ ಬೇರೆ ಜಾತಿ. ಅದು ಬಟ್ಟೆ ಒತ್ತಿ ಮಡಚಿಟ್ಟ ಹಾಗೆ. ಹೆಚ್ಚುಕಡಿಮೆ ಅರ್ಧ ಜಾಗ ಸಾಕು, ಬಿಚ್ಚಿದರೆ ಒಂದು ನೂಲೂ ಕಡಿಮೆಯಿಲ್ಲ.

ನಮ್ಮ ಒಂದು ಕ್ಯಾಸೆಟ್ಟನ್ನು ಹಿಂದೆಯೇ ಪೇಟೆಯ ಅಂಗಡಿಯಲ್ಲಿ 64 ಕೆಬಿಪಿಎಸ್ ಎಂಪಿ3 ಮಾಡಿಸಿ, ಮೂಲವನ್ನು ಎಸೆದುಬಿಟ್ಟಿದ್ದೆವು. ಅದರಲ್ಲಿರುವುದು ಈಗ ನಮ್ಮೊಡನಿಲ್ಲದ ಹಿರಿಯರೊಬ್ಬರ ದನಿ. ಹಾರ್ಮೋನಿಯಂ ಇಲ್ಲದೆ, ಒಬ್ಬರೇ ಹಾಡಿದ್ದು. ‘ಸ’ಕಾರ ಬಂದಲ್ಲೆಲ್ಲ ನೀರೊಳಗಿಂದ ಕೇಳಿದಂತಿದೆ. ಉಳಿದ ಹನ್ನೆರಡು ಕ್ಯಾಸೆಟ್ಟುಗಳನ್ನು ಫ್ಲ್ಯಾಕ್ ಮಾಡಿ ಎರಡು ಡಿಸ್ಕಿನಲ್ಲಿ ಇಟ್ಟಿದ್ದೇವೆ. ಕ್ಯಾಸೆಟ್ಟುಗಳೂ ಕಪಾಟಿನಲ್ಲೇ ಇವೆ.