ಎರಡು ದಿನಾಂಕಗಳ ನಡುವೆ

ಪಿಎಚ್.ಡಿ. ಕೆಲಸಕ್ಕಾಗಿ 1894ರ ಕಾರಾಗೃಹ ಕಾಯ್ದೆಯನ್ನು ಓದುತ್ತಿದ್ದಾಗ ಅದರ 15ನೇ ಕಲಮಿನ ಬಳಿ ನಿಂತುಬಿಟ್ಟೆ. ಕೈದಿ ಸತ್ತರೆ ಜೈಲಿನ ವೈದ್ಯಾಧಿಕಾರಿ ಏನೇನು ಬರೆದಿಡಬೇಕೆಂಬ ಪಟ್ಟಿ ಅಲ್ಲಿದೆ. ಅದು ಎರಡು ದಿನಾಂಕಗಳನ್ನು ಬೇರೆಬೇರೆಯಾಗಿ ಕೇಳುತ್ತದೆ. ಒಂದು, ಕೈದಿ ತನಗೆ ಹುಷಾರಿಲ್ಲವೆಂದು ಮೊದಲು ಹೇಳಿಕೊಂಡ ಅಥವಾ ಕಾಯಿಲೆ ಕಂಡುಬಂದ ದಿನ. ಇನ್ನೊಂದು, ಆ ಸುದ್ದಿ ವೈದ್ಯಾಧಿಕಾರಿಗೆ ಮೊದಲು ಮುಟ್ಟಿದ ದಿನ. ಇವೆರಡೂ ಒಂದೇ ದಿನವಾಗಿರಬೇಕಿಲ್ಲ ಎಂಬುದು ಬ್ರಿಟಿಷ್ ಸರ್ಕಾರಕ್ಕೂ ಗೊತ್ತಿತ್ತು.

37ನೇ ಕಲಮು ಇದಕ್ಕೆ ಕಾರಣವನ್ನೂ ತೋರಿಸುತ್ತದೆ. ಹುಷಾರಿಲ್ಲದ ಕೈದಿಯ ಹೆಸರನ್ನು ಕಾವಲಿನವರು ತಡಮಾಡದೆ ಜೈಲರ್‌ಗೆ ತಿಳಿಸಬೇಕು. ವೈದ್ಯರ ಸರದಿ ಆಮೇಲೆ. ಅಂದರೆ ಜೈಲಿನಲ್ಲಿ ರೋಗಿಯನ್ನು ಮೊದಲು ನೋಡುವವರು, ನಂಬುವವರು ಅಥವಾ ನಂಬದಿರುವವರು, ವೈದ್ಯರಲ್ಲ.

ಇದನ್ನು ಓದುವಾಗ ನನಗೆ ನೆನಪಾದವರು ಸ್ನೇಹಲತಾ ರೆಡ್ಡಿ. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವೆಲ್ಲ ಅವರನ್ನು ಬಲ್ಲೆವು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ 2ರಂದು ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಬರೋಡಾ ಡೈನಮೈಟ್ ಪ್ರಕರಣದ ನೆಪವಿತ್ತು. ಆದರೆ ಅದರ ಅಂತಿಮ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮೀಸಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಎಂಟು ತಿಂಗಳು ಒಳಗಿದ್ದರು. ಅವರಿಗೆ ತೀವ್ರ ಅಸ್ತಮಾ ಇತ್ತು.

ನನ್ನ ಅಮ್ಮನಿಗೂ ಅಸ್ತಮಾ. ನಡುರಾತ್ರಿ ಉಬ್ಬಸ ಬಂದರೆ ದಿಂಬಿನ ಪಕ್ಕದ ಇನ್‌ಹೇಲರ್‌ಗೆ ಕೈ ಹೋಗಬೇಕು. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸಂಜೆಯೇ ಬೀಗ ಬೀಳುವ ಕೋಣೆಯಲ್ಲಿ ಉಸಿರು ಕಟ್ಟಿದವರು ಕೂಗಿ ಕರೆಯುವುದಾದರೂ ಹೇಗೆ?

ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತ್ತು. ಅವರ ಬಂಧನಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಬಂಧನವನ್ನು ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕು ಯಾರಿಗೂ ಇಲ್ಲವೆಂದಿತ್ತು. ಸ್ನೇಹಲತಾ ದಿನಚರಿ ಬರೆದರು. ಅದರಲ್ಲಿ ತಮ್ಮ ಕಾಯಿಲೆಯಷ್ಟೇ ಅಲ್ಲ, ಜೊತೆಗಿದ್ದ ಹೆಂಗಸರ ಪಾಡೂ ಇದೆ. ಸಿನಿಮಾ ನಟಿಗೇ ಹೀಗಾದರೆ, ಹೆಸರಿಲ್ಲದ ಆ ಹೆಂಗಸರ ಕೆಮ್ಮು ಯಾರ ಕಿವಿಗೆ ಬಿದ್ದೀತು?

ದೇಹ ಸೋತ ಮೇಲೆ, 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ನನ್ನನ್ನು ಕಾಡುವುದು ಆ ಐದು ದಿನ. ಅವರು ಜೈಲಿನ ಗೋಡೆಯೊಳಗೆ ಸಾಯಲಿಲ್ಲ. ರೋಗ ಬೆಳೆದದ್ದು ಒಳಗೆ, ಸಾವು ಬಂದದ್ದು ಹೊರಗೆ. ಜೈಲುಗಳಲ್ಲಿ ಸತ್ತವರನ್ನು ಎಣಿಸುವ ಇತಿಹಾಸಕಾರರು ಇಂಥ ಸಾವುಗಳನ್ನು ಎಲ್ಲಿ ಬರೆದುಕೊಳ್ಳಬೇಕು?

ಆ ಜೈಲು ಈಗ ಫ್ರೀಡಂ ಪಾರ್ಕ್. ಕಳೆದ ಭಾನುವಾರ ಹೋಗಿದ್ದೆ. ಬಾಗಿಲಿಲ್ಲದ ಕೋಣೆಗಳ ಮುಂದೆ ಮಕ್ಕಳು ಓಡಾಡುತ್ತಿದ್ದರು. ಅಲ್ಲಿ ನಿಂತು, ಒಂದು ಮೂಲೆಯಿಂದ ಗೇಟಿನವರೆಗೆ ಎಷ್ಟು ಹೆಜ್ಜೆ ಎಂದು ಎಣಿಸಿದೆ. ದೂರವೇನಿಲ್ಲ, ಎರಡು ಮೂರು ನಿಮಿಷ ಸಾಕು.