ಓಲೆಯ ಹಿಂದಿನ ತಿರುಪು

ಕನ್ನಡದಲ್ಲಿ ಓಲೆ ಎನ್ನುವ ಮಾತಿಗೆ ಎರಡು ಅರ್ಥ. ಒಂದು ಓದುವ ಓಲೆ, ಇನ್ನೊಂದು ಕಿವಿಗೆ ಇಡುವ ಓಲೆ. ತವರಿನಿಂದ ಓಲೆ ಬಂತು ಎಂದರೆ ಕಾಗದ ಬಂತೋ ಒಡವೆ ಬಂತೋ ಎಂದು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಎರಡಕ್ಕೂ ಮೂಲ ಒಂದೇ, ತಾಳೆಗರಿ. ಗಂಡಸರು ಲೆಕ್ಕ, ಶಾಸ್ತ್ರ, ಕಾವ್ಯ ಬರೆಯಲು ಬಳಸಿದ ಗರಿಯನ್ನೇ ಹೆಂಗಸರು ಸುರುಳಿ ಸುತ್ತಿ ಕಿವಿಯ ತೂತಿಗೆ ತೂರಿಸಿಕೊಂಡರು. ಸಂಸ್ಕೃತದ ಅಮರಕೋಶದಲ್ಲಿಯೂ ಕಿವಿಯ ಆಭರಣಕ್ಕೆ ತಾಲಪತ್ರ ಎಂಬ ಹೆಸರಿದೆ. ನಮ್ಮ ಬೆಂಡೋಲೆಯಲ್ಲಿ ಗರಿಯ ಜೊತೆಗೆ ಬೆಂಡಿನ ಹೆಸರೂ ಕೇಳಿಸುತ್ತದೆ. ಇವತ್ತು ಏಳು ಹರಳು, ಒಂಬತ್ತು ಹರಳು ಎಂದು ಎಣಿಸಿ ಕೊಳ್ಳುವ ಒಡವೆಯ ಹೆಸರಿನಲ್ಲಿ ಎಲೆಯೂ ಬೆಂಡೂ ಇನ್ನೂ ಕುಳಿತಿವೆ.

ಆ ತಾಳೆಗರಿಯ ಓಲೆಗೆ ತಿರುಪು ಇರಲಿಲ್ಲ. ಹಾಗಾದರೆ ಬೀಳದೆ ನಿಂತದ್ದು ಹೇಗೆ? ಸುರುಳಿ ಸುತ್ತಿದ ಗರಿಗೆ ಬಿಚ್ಚಿಕೊಳ್ಳುವ ಸ್ವಭಾವ. ಬಿಚ್ಚಿಕೊಳ್ಳಲು ಹೋಗಿ ಅದು ಕಿವಿಯ ಹಾಲೆಯನ್ನು ಒಳಗಿನಿಂದ ಒತ್ತುತ್ತದೆ. ಆ ಒತ್ತೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಣಗಿದರೆ ಎಸೆದು ಇನ್ನೊಂದು ಸುತ್ತಿಕೊಂಡರಾಯಿತು, ಕಳೆದರೆ ಕಣ್ಣೀರಿಲ್ಲ. ಒಡವೆ ಚಿನ್ನದ್ದಾದ ಮೇಲೆ ಮಾತ್ರ ಕತೆ ಬೇರೆಯಾಯಿತು. ಚಿನ್ನಕ್ಕೆ ಭಾರವಿದೆ, ಬೆಲೆಯಿದೆ, ಕಳ್ಳನ ಕಣ್ಣಿದೆ. ಅಂದಿನಿಂದ ಹೆಂಗಸಿನ ಕೈ ದಿನಕ್ಕೆ ಹತ್ತು ಸಲ ಕಿವಿಯ ಹಿಂದಕ್ಕೆ ಹೋಗುತ್ತದೆ. ತಿರುಪು ಇದೆಯೆ, ಸಡಿಲವಾಯಿತೆ ಎಂದು ಮುಟ್ಟಿ ನೋಡುವ ಆ ಅಭ್ಯಾಸ ನಿಮಗೂ ಇದ್ದೇ ಇರುತ್ತದೆ.

ಓಲೆ ಕಳೆಯುವುದು ಸಣ್ಣ ಸಂಗತಿಯಲ್ಲವೆಂದು ನಮ್ಮ ಪುರಾಣಗಳಿಗೆ ಗೊತ್ತಿತ್ತು. ನರಕಾಸುರ ಮಾಡಿದ ಅಪರಾಧಗಳ ಪಟ್ಟಿಯಲ್ಲಿ ದೇವಮಾತೆ ಅದಿತಿಯ ಕುಂಡಲಗಳನ್ನು ಅಪಹರಿಸಿದ್ದೂ ಒಂದು. ಅದನ್ನು ಬಿಡಿಸಿ ತರಲು ಕೃಷ್ಣನ ಜೊತೆ ಸತ್ಯಭಾಮೆಯೂ ಗರುಡನನ್ನೇರಿ ಹೊರಟಳು. ನಾವು ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುವಾಗ ಒಬ್ಬ ತಾಯಿಯ ಓಲೆ ಸಿಕ್ಕ ಸಂತೋಷವೂ ಅದರಲ್ಲಿ ಸೇರಿದೆ. ಮಹಾಭಾರತದ ಆದಿಪರ್ವದಲ್ಲಿ ಉತ್ತಂಕ ಗುರುಪತ್ನಿಗೆಂದು ಪೌಷ್ಯ ರಾಜನ ರಾಣಿಯ ಕುಂಡಲಗಳನ್ನು ಬೇಡಿ ತರುತ್ತಾನೆ. ತಕ್ಷಕನಿಗೆ ಇವುಗಳ ಮೇಲೆ ಆಸೆಯಿದೆ, ಜೋಪಾನ ಎಂದು ರಾಣಿ ಎಚ್ಚರಿಸಿಯೇ ಕೊಡುತ್ತಾಳೆ. ಆದರೂ ದಾರಿಯಲ್ಲಿ ನೀರು ಮುಟ್ಟುವಾಗ ಅವನು ಅವುಗಳನ್ನು ನೆಲದ ಮೇಲಿಟ್ಟ. ತಕ್ಷಕ ಎತ್ತಿಕೊಂಡು ಹೋದ. ಮತ್ತೆ ತರಲು ನಾಗಲೋಕಕ್ಕೇ ಇಳಿಯಬೇಕಾಯಿತು. ಸ್ನಾನಕ್ಕೆ ಹೋಗುವಾಗ ಓಲೆ ಬಿಚ್ಚಿ ಕಂಡ ಕಂಡಲ್ಲಿ ಇಡಬೇಡ ಎಂದು ಮನೆಯ ಹಿರಿಯರು ಗದರುವುದಕ್ಕೆ ಇಷ್ಟು ಹಳೆಯ ಆಧಾರವಿದೆ. ಕಳೆಯುವ ಭಯವೇ ಇಲ್ಲದವನು ಕರ್ಣ ಒಬ್ಬನೇ. ಅವನ ಕುಂಡಲ ಹುಟ್ಟುತ್ತಲೇ ಬಂದದ್ದು, ತಿರುಪಿನ ಹಂಗಿರಲಿಲ್ಲ. ಆದರೆ ಕೊಡಬೇಕಾದಾಗ ಕೊಯ್ದೇ ಕೊಡಬೇಕಾಯಿತು.

ಇನ್ನು ಮಣ್ಣಿನಲ್ಲಿ ಸಿಕ್ಕ ಒಡವೆಗಳ ಕಡೆ ಬರೋಣ. 1922ರಲ್ಲಿ ಈಜಿಪ್ಟಿನ ತೂತಾಂಖಾಮನ್ ದೊರೆಯ ಸಮಾಧಿ ತೆರೆದಾಗ ಅಲ್ಲಿ ಕಿವಿಯೋಲೆಗಳೂ ಇದ್ದವು. ಅವುಗಳ ಹಿಡಿಕೆ ನೋಡುವಂಥದ್ದು. ಎರಡು ಸಣ್ಣ ಕೊಳವೆಗಳು, ಒಂದೊಂದರ ಹೊರತುದಿಗೂ ಗುಂಡಿಯಂಥ ಮುಚ್ಚಳ. ಕಿವಿಯ ಈ ಕಡೆಯಿಂದ ಒಂದು, ಆ ಕಡೆಯಿಂದ ಇನ್ನೊಂದು ತೂರಿಸಿದರೆ ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ. ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಉಪಾಯ ಇದು. ಇಂದು ಅಂಗಡಿಯಲ್ಲಿ ಸಿಗುವ ಒತ್ತುಗುಂಡಿಯ ಓಲೆಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಎರಡೂ ಉಜ್ಜಾಟದ ಬಲದಿಂದಲೇ ನಿಲ್ಲುತ್ತವೆ.

ನಮ್ಮ ದೇಶದ್ದೇ ಒಂದು ಜೊತೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ್ದು, ಬಹುಶಃ ಆಂಧ್ರದ್ದು ಎಂದು ಗುರುತಿಸಿದ್ದಾರೆ. ಚಿನ್ನದಲ್ಲಿ ಆನೆಯನ್ನೂ ರೆಕ್ಕೆಯ ಸಿಂಹವನ್ನೂ ಕೂರಿಸಿದ ಆ ಓಲೆಗಳು ಎಷ್ಟು ದೊಡ್ಡವೆಂದರೆ ಕಿವಿಯ ಹಾಲೆ ಜಗ್ಗಿ ಒಡವೆ ಹೆಗಲ ಮೇಲೆ ಬಂದು ಕೂರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಗಾದೆ ಕಿವಿಗೂ ಸಲ್ಲುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಕಿವಿಗಳನ್ನು ನೆನೆಸಿಕೊಳ್ಳಿ. ಮೈಮೇಲೆ ಒಂದು ಎಳೆ ಬಟ್ಟೆಯಿಲ್ಲ, ಒಡವೆಯಿಲ್ಲ, ಆದರೆ ಹಾಲೆ ಮಾತ್ರ ನೀಳ. ಬುದ್ಧನ ವಿಗ್ರಹಗಳಲ್ಲಿಯೂ ಹಾಗೆಯೇ. ಅರಮನೆಯ ಭಾರದ ಕುಂಡಲಗಳ ನೆನಪು ಅದು ಎಂದು ಅರ್ಥ ಹೇಳುವವರಿದ್ದಾರೆ. ರಾಜ್ಯ ಬಿಟ್ಟರೂ ಒಡವೆ ಬಿಟ್ಟರೂ, ಜಗ್ಗಿದ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲವಲ್ಲ!

ಜಗ್ಗಿದ್ದು ಮುಂದೆ ಹರಿಯಲೂಬಹುದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಬಹುಪಾಲು ಕಿವಿ ಚುಚ್ಚುವುದಕ್ಕೂ ಹರಿದ ಕಿವಿ ಕೂಡಿಸುವುದಕ್ಕೂ ಮೀಸಲು. ಮಗುವಿಗೆ ಆರು ಅಥವಾ ಏಳನೆಯ ತಿಂಗಳಿನಲ್ಲಿ ಕಿವಿ ಚುಚ್ಚಬೇಕು, ಗಂಡಿಗೆ ಮೊದಲು ಬಲಗಿವಿ, ಹೆಣ್ಣಿಗೆ ಎಡಗಿವಿ. ಎಡಗೈಯಿಂದ ಹಾಲೆ ಎಳೆದು, ಸೂರ್ಯನ ಬೆಳಕು ಎಲ್ಲಿ ತೂರಿ ಬರುತ್ತದೋ ಆ ತೆಳುವಾದ ಜಾಗ ನೋಡಿ ಚುಚ್ಚಬೇಕು. ರಕ್ತನಾಳಕ್ಕೆ ತಾಗಿದರೆ ನೋವು, ಜ್ವರ, ಬಾವು ಎಂಬ ಎಚ್ಚರಿಕೆಯಿದೆ. ತೂತಿಗೆ ಹತ್ತಿಯ ಬತ್ತಿ ಇಟ್ಟು ಮೂರು ಮೂರು ದಿನಕ್ಕೆ ಸ್ವಲ್ಪ ದಪ್ಪನೆಯದನ್ನು ಹಾಕುತ್ತ ಹೋಗಬೇಕು. ಹೀಗೆ ದೊಡ್ಡದಾದ ಕಿವಿ ದೋಷದಿಂದಲೋ ಪೆಟ್ಟಿನಿಂದಲೋ ಎರಡು ಸೀಳಾಗುವುದುಂಟು ಎಂದು ಹೇಳಿ, ಕೂಡಿಸುವ 15 ಬಗೆಗಳನ್ನು ಹೆಸರಿಸುತ್ತಾನೆ. ಹತ್ತು ಸಾಧ್ಯ, ಐದು ಅಸಾಧ್ಯ ಎನ್ನುವ ಪ್ರಾಮಾಣಿಕತೆಯೂ ಅವನಿಗಿದೆ. ಕೂಡಿಸಿದ ಮೇಲೆ ಹಗಲು ನಿದ್ದೆ, ಅತಿ ಊಟ, ಬೆಂಕಿಯ ಕಾವು, ಮಾತಿನ ಆಯಾಸ ಕೂಡದಂತೆ. ಪಥ್ಯವೇನೋ ಸರಿಯೇ. ಆದರೆ ಹೆಂಗಸು ಒಲೆಯ ಮುಂದಿನಿಂದ ಏಳುವುದು ಯಾವಾಗ, ಅವಳಿಗೆ ಬೆಂಕಿಯ ಕಾವು ತಪ್ಪಿಸುವವರು ಯಾರು?

ನನ್ನ ದೊಡ್ಡಮ್ಮನ ಬಲಗಿವಿ ಹೀಗೆ ಹರಿದದ್ದು. ಭಾರದ ಜುಮುಕಿ, ಕಂಕುಳಲ್ಲಿ ಕೂಸು. ಕೂಸು ಜುಮುಕಿ ಹಿಡಿದು ಜಗ್ಗಿತು. ಒಡವೆ ಗಟ್ಟಿಯಾಗಿತ್ತು, ತಿರುಪೂ ಗಟ್ಟಿಯಾಗಿತ್ತು, ಗಟ್ಟಿಯಿಲ್ಲದ್ದು ಹಾಲೆಯೊಂದೇ. ಮುಂದೆ ಅವರು ತೆಗೆಸಿಕೊಂಡ ಪಟಗಳಲ್ಲೆಲ್ಲ ಸೆರಗು ಬಲಗಿವಿಯ ಮೇಲಿದೆ. ಈಗ ಸ್ವಲ್ಪ ಮರಗಟ್ಟಿಸುವ ಮದ್ದು ಕೊಟ್ಟು ಡಾಕ್ಟರು ಹೊಲಿದು ಕಳಿಸುತ್ತಾರೆ. ಕೆಲವು ತಿಂಗಳು ಬಿಟ್ಟು, ಹೊಲಿಗೆಯ ಗೆರೆ ತಪ್ಪಿಸಿ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಿಕೊಳ್ಳಬಹುದು. ದೊಡ್ಡಮ್ಮನ ಕಾಲಕ್ಕೆ ಹಳ್ಳಿಯಲ್ಲಿ ಅದನ್ನು ಕೇಳುವುದೂ ನಾಚಿಕೆಯಾಗಿತ್ತು. ಇದನ್ನೇಕೆ ಹೇಳಿದೆನೆಂದರೆ, ಓಲೆಯ ಹಿಡಿಕೆ ಎಂದರೆ ಬರೀ ಬೀಳದಂತೆ ಹಿಡಿಯುವುದಲ್ಲ. ಒಡವೆ ಉಳಿಯಬೇಕು, ಕಿವಿಯೂ ಉಳಿಯಬೇಕು, ಜೊತೆಗೆ ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳ ತುದಿಯಿಂದಲೇ ಹಾಕಿ ತೆಗೆಯುವಂತಿರಬೇಕು. ಈ ಮೂರನ್ನೂ ಸರಿದೂಗಿಸುವುದು ಸುಲಭವಲ್ಲ.

ತಿರುಪಿನ ಚರಿತ್ರೆಯೇ ಒಂದು ಸ್ವಾರಸ್ಯ. ಕಬ್ಬಿಣದ ಯಂತ್ರಗಳಿಗೆ ತಿರುಪು ಬರುವ ಎಷ್ಟೋ ಮೊದಲೇ ಅದು ಒಡವೆಯಲ್ಲಿ ಕುಳಿತಿತ್ತು. ರೋಮನ್ ಸಾಮ್ರಾಜ್ಯದ ಕೊನೆಗಾಲದ, 4ನೇ ಶತಮಾನದ ಕೆಲವು ಚಿನ್ನದ ಉಡುಪುಪಿನ್ನುಗಳಲ್ಲಿ ತಿರುಪಿನ ಕಡ್ಡಿಗಳಿವೆ. ಕೊರೆದು ಮಾಡಿದ್ದಲ್ಲ, ಕಡ್ಡಿಗೆ ಸಣ್ಣ ತಂತಿಯನ್ನು ಸುರುಳಿಯಾಗಿ ಸುತ್ತಿ ಬೆಸೆದದ್ದು. ನಮ್ಮ ಅಕ್ಕಸಾಲಿಗರ ಹಳೆಯ ಕ್ರಮವೂ ಇದೇ. ಕೂದಲೆಳೆಯಂಥ ಎರಡು ತಂತಿಗಳನ್ನು ಜೊತೆಯಾಗಿ ಕಡ್ಡಿಗೆ ಸುತ್ತಿ, ಆಮೇಲೆ ಬೇರ್ಪಡಿಸಿ, ಒಂದನ್ನು ಕಡ್ಡಿಯ ಮೇಲೆ, ಇನ್ನೊಂದನ್ನು ತಿರುಪಿನ ಕೊಳವೆಯ ಒಳಗೆ ಬೆಸೆಯುತ್ತಿದ್ದರು. ಒಂದರ ಸಂದಿನಲ್ಲಿ ಇನ್ನೊಂದು ಓಡುತ್ತದೆ. ಎಣ್ಣೆದೀಪ, ಊದುಗೊಳವೆ, ಚೂರು ಬಿಳಿಗಾರ, ಇಷ್ಟರಲ್ಲೇ ಆ ಕೆಲಸ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿದವರು ಅವನು ತಿರುಪು ಕೂರಿಸುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕಿತ್ತು.

ಕೈಯಲ್ಲಿ ಮಾಡಿದ್ದರಿಂದ ಒಂದರ ತಿರುಪು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಎಡಗಿವಿಯದು ಎಡಕ್ಕೇ, ಬಲಗಿವಿಯದು ಬಲಕ್ಕೇ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಯಂತ್ರದ ತಿರುಪುಗಳಿಗೆಲ್ಲ ಒಂದೇ ಅಳತೆ ಇರಲಿ ಎಂದು ಸೂಚಿಸಿದ್ದು 1841ರಲ್ಲಿ. ಅಲ್ಲಿಯವರೆಗೆ ದೊಡ್ಡ ದೊಡ್ಡ ಯಂತ್ರಗಳ ಗತಿಯೂ ನಮ್ಮ ಓಲೆಯ ಗತಿಯೇ ಆಗಿತ್ತು. ಅಜ್ಜಿ ಓಲೆ ಬಿಚ್ಚಿದ ಕೂಡಲೇ ಅದರದರ ತಿರುಪನ್ನು ಅದರದರ ಕಡ್ಡಿಗೇ ಸಿಕ್ಕಿಸಿ ಡಬ್ಬಿಯಲ್ಲಿಡುತ್ತಿದ್ದುದರ ಗುಟ್ಟು ಇದು. ನಮ್ಮ ಬೀದಿಯ ಆಚಾರ್ರು ಹೊಸ ತಿರುಪು ಕೂರಿಸಿ ಕೊಟ್ಟಾಗ ಅಜ್ಜಿ ಹರಳಿನ ಕಡೆ ನೋಡುತ್ತಿರಲಿಲ್ಲ, ತಿರುಗಿಸಿ ಬೆನ್ನು ನೋಡುತ್ತಿದ್ದರು. “ಹರಳು ಚೆನ್ನಾಗಿ ಕೂತಿದೆ ನೋಡಿ ತಾಯಿ” ಎಂದರೆ, “ಹರಳು ಊರಿಗೆ ಕಾಣೋಕೆ ಕಣಪ್ಪ, ತಿರುಪು ನನಗೆ” ಎನ್ನುತ್ತಿದ್ದರು.

ಚಿನ್ನ ಮೆತ್ತಗಿನ ಲೋಹ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಅಪ್ಪಟ. ಇಂಥ ಚಿನ್ನದ ತಿರುಪನ್ನು ದಿನವೂ ತೆಗೆದು ಹಾಕಿದರೆ ಸುತ್ತುಗಳು ಸವೆಯುತ್ತವೆ. ಹೆರಳಿನ ಎಣ್ಣೆ, ಸೋಪು, ದಿಂಬಿನ ಉಜ್ಜಾಟ ಎಲ್ಲ ಸೇರಿ ತಾನೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸವೆದ ತಿರುಪು ಮೊದಲ ದಿನವೇ ಬೀಳುವುದಿಲ್ಲ. ನಂಬಿಕೆ ಹುಟ್ಟಿಸಿ, ಮದುವೆಮನೆಯ ಗದ್ದಲದಲ್ಲೋ ಬಸ್ಸಿನಲ್ಲೋ ಬೀಳುತ್ತದೆ. ಅಂಗಡಿಗಳಲ್ಲಿ ಈಗ ಸೌತ್ ಸ್ಕ್ರೂ, ಬಾಂಬೆ ಸ್ಕ್ರೂ ಎಂದು ಕೇಳುತ್ತಾರೆ. ಸೌತ್ ಎಂದರೆ ನಮ್ಮ ಕಡೆಯ ದಪ್ಪ ಕಡ್ಡಿ, ದೊಡ್ಡ ತಿರುಪು. ಬಾಂಬೆ ಎಂದರೆ ಸಣ್ಣ ಕಡ್ಡಿ. ಭಾರದ ಓಲೆಗೆ ದಪ್ಪ ಕಡ್ಡಿಯೇ ಮೇಲು, ಏಕೆಂದರೆ ಸಣ್ಣ ಕಡ್ಡಿ ದಾರದಂತೆ ಹಾಲೆಯನ್ನು ಕೊಯ್ಯುತ್ತ ಬರುತ್ತದೆ. ಹಿಂದಿನ ಬಿಲ್ಲೆ ಅಗಲವಾಗಿದ್ದಷ್ಟೂ ಓಲೆ ಮುಂದಕ್ಕೆ ಬಾಗುವುದಿಲ್ಲ. ಇನ್ನು ಜುಮುಕಿಯಿಂದ ಕೂದಲಿಗೆ ಸಿಕ್ಕಿಸುವ ಮಾಟಿ ಇದೆಯಲ್ಲ, ಅದು ಬರೀ ಅಲಂಕಾರವೆಂದು ತಿಳಿಯಬೇಡಿ. ಕಿವಿ ಹೊರಲಾರದ ಭಾರವನ್ನು ತಲೆಗೂದಲಿಗೆ ಹಂಚುವ ಜಾಣತನ ಅದು. ಯಾರೋ ಕಿವಿ ನೊಂದವಳು ಹೇಳಿ ಮಾಡಿಸಿರಬೇಕು ಎಂದು ನನಗೆ ಅನ್ನಿಸುತ್ತದೆ.

ಪಶ್ಚಿಮದಲ್ಲಿ 20ನೇ ಶತಮಾನದ ಆರಂಭಕ್ಕೆ ಕಿವಿ ಚುಚ್ಚುವುದೇ ಹಳ್ಳಿತನವೆನ್ನಿಸಿ, ಚುಚ್ಚದ ಕಿವಿಗೆ ಹಿಂದಿನಿಂದ ತಿರುಪಿ ಒತ್ತಿ ಹಿಡಿಸುವ ಓಲೆಗಳು, 1930ರ ದಶಕದಲ್ಲಿ ಕ್ಲಿಪ್ಪಿನ ಓಲೆಗಳು ಬಂದವು. ಸಂಜೆಯ ಹೊತ್ತಿಗೆ ಕಿವಿ ಕೆಂಪಾಗುತ್ತಿತ್ತು. 1960ರ ದಶಕದ ಹೊತ್ತಿಗೆ ಅಲ್ಲಿಯ ಹುಡುಗಿಯರು ಮತ್ತೆ ಚುಚ್ಚಿಸಿಕೊಳ್ಳತೊಡಗಿದರು. ಚಿಟ್ಟೆಯ ರೆಕ್ಕೆಯಂತೆ ಎರಡು ಸುರುಳಿಯಿರುವ ಒತ್ತುಗುಂಡಿ, ಕಡ್ಡಿಯ ತುದಿಯಲ್ಲಿ ಸಣ್ಣ ಕಚ್ಚು, ಆಮೇಲೆ ಸಿಲಿಕೋನಿನ ಮೆತ್ತನೆಯ ಗುಂಡಿ ಎಲ್ಲ ಬಳಕೆಗೆ ಬಂದವು. ನಮ್ಮ ಹೆಂಗಸರು ಸುಮ್ಮನೆ ಕೂತಿರಲಿಲ್ಲ. ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರು, ಕರೆಂಟು ತಂತಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಕತ್ತರಿಸಿ ತಿರುಪಿನ ಹಿಂದೆ ಸಿಕ್ಕಿಸಿದವರು ಎಷ್ಟು ಜನ! ಸಡಿಲವಾದ ಸುತ್ತಿಗೆ ಒಂದು ತೊಟ್ಟು ಉಗುರುಬಣ್ಣ ಹಚ್ಚುವುದೂ ಇಂಥದೇ ವಿದ್ಯೆ. ಓಲೆ ಗಿರವಿ ಅಂಗಡಿಗೆ ಹೋದಾಗ ತೂತು ಮುಚ್ಚದಿರಲೆಂದು ಪೊರಕೆಕಡ್ಡಿ ಸಿಕ್ಕಿಸಿಕೊಂಡವರನ್ನೂ ನಾವು ಕಂಡಿದ್ದೇವೆ. ಬಿಡಿಸಿ ತರುವ ದಿನದವರೆಗೆ ಆ ಕಡ್ಡಿಯೇ ಅವರ ಓಲೆ, ಅದೇ ಅವರ ಧೈರ್ಯ.

ಇಷ್ಟೆಲ್ಲ ಯೋಚಿಸುವಾಗ ಒಂದು ಮಾತು ಹೊಳೆಯುತ್ತದೆ. ಒಡವೆಯ ಚರಿತ್ರೆಯನ್ನು ಯಾವಾಗಲೂ ಮುಂದಿನಿಂದ ಬರೆಯುತ್ತಾರೆ. ಶಿಲ್ಪಿ ಕೆತ್ತಿದ್ದು ಮುಂದಿನ ಹೂವನ್ನು, ಕವಿ ಹೊಗಳಿದ್ದು ಅದರ ಹೊಳಪನ್ನು, ಅಂಗಡಿಯವನು ತೋರಿಸುವುದು ಹರಳಿನ ಮುಖವನ್ನು. ಅದರ ಬೆನ್ನಿನ ಜೊತೆ ಬದುಕುವವಳು ಮಾತ್ರ ಹೆಂಗಸು. ಆದ್ದರಿಂದ ಮುಂದಿನ ಸಲ ಮಗಳಿಗೋ ಸೊಸೆಗೋ ಓಲೆ ಕೊಳ್ಳುವಾಗ ಮೊದಲು ತಿರುಗಿಸಿ ನೋಡಿ. ತಿರುಪು ಕನಿಷ್ಠ ಮೂರು ನಾಲ್ಕು ಸುತ್ತು ಹಿಡಿಯಬೇಕು, ಕಡ್ಡಿ ಅಲುಗಬಾರದು. ಹಾಲೆಗೆ ಒತ್ತಿ ಬಿಗಿಯಬೇಡಿ, ಗಾಳಿಯಾಡುವಷ್ಟು ಸಂದು ಇರಲಿ. ಭಾರದ್ದನ್ನು ರಾತ್ರಿ ಬಿಚ್ಚಿಡಿ, ತಿರುಪನ್ನು ಅದರದರ ಕಡ್ಡಿಗೇ ಸಿಕ್ಕಿಸಿ ಡಬ್ಬಿಗೆ ಹಾಕಿ. ವರ್ಷಕ್ಕೊಮ್ಮೆ ಆಚಾರ್ರ ಹತ್ತಿರ ಸುತ್ತು ಸವೆದಿದೆಯೆ ಎಂದು ತೋರಿಸಿ. ಹೊಸ ತಿರುಪಿಗೆ ತಗಲುವ ಖರ್ಚು, ಕಳೆದ ಓಲೆಯ ಬೆಲೆಯ ಮುಂದೆ ಏನೂ ಅಲ್ಲ. ಹರಿದ ಕಿವಿಯ ಮುಂದೆಯಂತೂ ಲೆಕ್ಕಕ್ಕೇ ಇಲ್ಲ.