ಇಮೇಲ್ ಲಗತ್ತುಗಳ ಕಾಣದ ಉಗ್ರಾಣ

ಇಮೇಲ್ ವ್ಯವಸ್ಥೆ ರೂಪುಗೊಂಡದ್ದು ಸರಳ ಅಕ್ಷರಗಳನ್ನು ಸಾಗಿಸುವುದಕ್ಕಾಗಿ. ಚಿತ್ರ, ಧ್ವನಿ, ಲೆಕ್ಕಪತ್ರಗಳನ್ನು ಅದರ ಮೂಲಕ ಕಳುಹಿಸಬೇಕಾದರೆ ಅವುಗಳಿಗೂ ಅಕ್ಷರಗಳ ವೇಷ ತೊಡಿಸಬೇಕಾಗಿತ್ತು. 1980ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮೇರಿ ಆನ್ ಹಾರ್ಟನ್ ಈ ಕೆಲಸಕ್ಕೆ 'ಯುಯುಎನ್‌ಕೋಡ್' ಎಂಬ ಉಪಕರಣವನ್ನು ಬರೆದರು; 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ 'ಮೈಮ್' ಎಂಬ ನಿಯಮಾವಳಿ ಇದೇ ಕೆಲಸಕ್ಕೆ ಎಲ್ಲ ಗಣಕಗಳಿಗೂ ಒಪ್ಪುವ ದಾರಿಯನ್ನು ಒದಗಿಸಿತು. ಮೈಮ್ ಬಳಸುವ 'ಬೇಸ್64' ವಿಧಾನದಲ್ಲಿ ಮೂರು ಬೈಟ್‌ಗಳ ಮಾಹಿತಿ ನಾಲ್ಕು ಅಕ್ಷರಗಳಾಗುವುದರಿಂದ ಲಗತ್ತಿನ ಗಾತ್ರ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಹೀಗೆ ಬಂದ ಲಗತ್ತು ಪತ್ರದೊಳಗೇ ಹುದುಗಿರುತ್ತದೆಯಾದ್ದರಿಂದ ವರ್ಡ್ ಅಥವಾ ಎಕ್ಸೆಲ್‌ನಂಥ ತಂತ್ರಾಂಶಗಳು ಅದನ್ನು ಅಲ್ಲಿಯೇ ತೆರೆಯಲಾರವು. ಮೊದಲು ಅದನ್ನು ಬಿಡಿಸಿ, ಡಿಸ್ಕಿನ ಮೇಲೆ ಒಂದು ಪ್ರತಿಯಾಗಿ ಇಳಿಸಿಕೊಳ್ಳಬೇಕು. ತಾತ್ಕಾಲಿಕ ಫೋಲ್ಡರಿನ ಅಗತ್ಯ ಹುಟ್ಟಿದ್ದು ಇಲ್ಲಿ.

1997ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಹೊರತಂದ ಔಟ್‌ಲುಕ್ ತಂತ್ರಾಂಶದ ಚರಿತ್ರೆಯಲ್ಲಿ ಈ ಫೋಲ್ಡರಿನ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು 'ಟೆಂಪರರಿ ಇಂಟರ್ನೆಟ್ ಫೈಲ್ಸ್' ಎಂಬ ಜಾಗದೊಳಗೆ, 'ಓಎಲ್‌ಕೆ' ಎಂದು ಆರಂಭವಾಗಿ ಗೊತ್ತುಗುರಿಯಿಲ್ಲದ ಅಕ್ಷರಗಳಲ್ಲಿ ಮುಗಿಯುವ ಹೆಸರಿನಿಂದ ಇರುತ್ತಿತ್ತು. 2007ರ ಆವೃತ್ತಿಯಿಂದ 'ಕಂಟೆಂಟ್.ಔಟ್‌ಲುಕ್' ಎಂಬುದರ ಒಳಕ್ಕೆ ಸರಿಯಿತು. ಹೆಸರು ಗಣಕದಿಂದ ಗಣಕಕ್ಕೆ ಬೇರೆಯಾಗಿದ್ದರೆ, ಲಗತ್ತು ಎಲ್ಲಿ ಇಳಿಯಿತೆಂಬುದನ್ನು ದುರುದ್ದೇಶದ ಪ್ರೋಗ್ರಾಮ್ ಸುಲಭವಾಗಿ ಊಹಿಸಲಾರದು. 1999ರ ಮೆಲಿಸ್ಸಾ ಮತ್ತು 2000ದ ಐಲವ್‌ಯೂ ಎಂಬ ಹಾವಳಿಗಳೆರಡೂ ಲಗತ್ತುಗಳ ಮೂಲಕವೇ ಹರಡಿದ್ದನ್ನು ನೆನೆದರೆ ಈ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಆ ಜಾಗ ಕಾಣದಾದದ್ದು ಅದರ ಒಡೆಯನಿಗೂ ಹೌದು. ಬಚ್ಚಿಟ್ಟ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದರೂ ವಿಂಡೋಸ್ ಆ ಜಾಗದಲ್ಲಿ ಬ್ರೌಸರಿನ ಸಂಗ್ರಹವನ್ನಷ್ಟೇ ಪಟ್ಟಿಮಾಡುತ್ತಿತ್ತು. ಪೂರ್ಣ ವಿಳಾಸವನ್ನು ಕೈಯಾರೆ ಬರೆದವರಿಗೆ ಮಾತ್ರ ಒಳಗಿನ ಫೋಲ್ಡರ್ ತೆರೆಯುತ್ತಿತ್ತು.

ಪತ್ರವನ್ನು ಮುಚ್ಚಿದಾಗ ಔಟ್‌ಲುಕ್ ಆ ಪ್ರತಿಯನ್ನು ತಾನೇ ಅಳಿಸಬೇಕೆಂಬುದು ಮೂಲ ಉದ್ದೇಶ. ಲಗತ್ತು ಇನ್ನೂ ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿಹೋದರೆ ಅಥವಾ ಕುಸಿದುಬಿದ್ದರೆ ಪ್ರತಿ ಅಲ್ಲೇ ಉಳಿಯುತ್ತದೆ. ಒಂದೇ ಹೆಸರಿನ ಪ್ರತಿಗಳು ಹೆಚ್ಚಿದಂತೆ ಔಟ್‌ಲುಕ್ ಹೆಸರಿನ ಕೊನೆಗೆ ಆವರಣದಲ್ಲಿ ಸಂಖ್ಯೆಯನ್ನು ಸೇರಿಸುತ್ತಾ ಹೋಗುತ್ತಿತ್ತು. ಅದು 99ನ್ನು ತಲುಪಿದ ಮೇಲೆ ಫೈಲ್ ರಚಿಸಲಾಗದು ಎಂಬ ಸಂದೇಶ ಬಂದು ಲಗತ್ತು ತೆರೆಯುತ್ತಲೇ ಇರಲಿಲ್ಲ. ನಿತ್ಯವೂ ಒಂದೇ ಹೆಸರಿನ ವರದಿ ಬರುವ ಕಚೇರಿಗಳಿಗೆ ಕಾರಣ ಹೊಳೆಯದ ಈ ತೊಡಕು ದೊಡ್ಡದಾಗಿತ್ತು. ಅದಕ್ಕಿಂತಲೂ ನೋವಿನದು ಮತ್ತೊಂದು: ಲಗತ್ತನ್ನು ನೇರವಾಗಿ ತೆರೆದು, ಗಂಟೆಗಟ್ಟಲೆ ತಿದ್ದಿ, 'ಸೇವ್' ಒತ್ತಿದವರ ಶ್ರಮವೆಲ್ಲ ಈ ಕಾಣದ ಜಾಗದಲ್ಲಿ ಕುಳಿತು, ಎಷ್ಟೋ ಸಲ ಪತ್ರದ ಜೊತೆಗೇ ಅಳಿದುಹೋಗುತ್ತಿತ್ತು.

ಕನ್ನಡದ ಬರಹಗಾರರಿಗೂ ಈ ಪ್ರತಿಗಳು ದೂರದವಲ್ಲ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ, ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪಿಸಿದ ಲೇಖನವನ್ನು ಪತ್ರದ ಒಡಲಿನಲ್ಲಿ ಹಾಕಿದರೆ ಅದೇ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದರಿಂದ, ಅದನ್ನು ವರ್ಡ್ ಫೈಲಾಗಿ ಲಗತ್ತಿಸುವುದೇ ರೂಢಿಯಾಗಿತ್ತು; ಔಟ್‌ಲುಕ್‌ನಲ್ಲಿ ಅದನ್ನು ತೆರೆದಾಗ ಅದರ ಪ್ರತಿಯೂ ಇದೇ ಫೋಲ್ಡರಿಗೆ ಇಳಿಯುತ್ತಿತ್ತು.

ಉಳಿದುಹೋದ ಪ್ರತಿಗಳ ನಿಜವಾದ ಅಪಾಯ ಗೋಪ್ಯತೆಗೆ ಸಂಬಂಧಿಸಿದ್ದು. ಮೂಲ ಪತ್ರವನ್ನು ಅಳಿಸಿದ ಮೇಲೂ ವೇತನದ ಪಟ್ಟಿ, ವೈದ್ಯಕೀಯ ವರದಿ, ಬ್ಯಾಂಕಿನ ದಾಖಲೆಗಳು ಡಿಸ್ಕಿನಲ್ಲಿ ಇರಬಲ್ಲವು. ಡಿಜಿಟಲ್ ಸಾಕ್ಷ್ಯ ಹುಡುಕುವ ತನಿಖಾ ತಜ್ಞರು ಈ ಫೋಲ್ಡರನ್ನು ಪರಿಶೀಲಿಸುವುದು ಇದೇ ಕಾರಣಕ್ಕೆ. ಇಷ್ಟು ಸೂಕ್ಷ್ಮವಾದ ಜಾಗವನ್ನು ತೆರವುಗೊಳಿಸುವ ಒಂದು ಗುಂಡಿಯನ್ನಾದರೂ ಬಳಕೆದಾರನ ಕಣ್ಣೆದುರು ಇಡದೆ ಹೋದದ್ದು ತಂತ್ರಾಂಶದ ವಿನ್ಯಾಸದಲ್ಲಿ ಗಂಭೀರ ಕೊರತೆಯೇ ಸರಿ.

ಆದ್ದರಿಂದ ತೆರವಿನ ಕೆಲಸ ಗಣಕ ನಿರ್ವಾಹಕರ ಪಾಲಿಗೆ ಬಂತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ 'ರಿಜಿಸ್ಟ್ರಿ'ಯಲ್ಲಿ 'ಔಟ್‌ಲುಕ್‌ಸೆಕ್ಯೂರ್‌ಟೆಂಪ್‌ಫೋಲ್ಡರ್' ಎಂಬ ಹೆಸರಿನ ಮುಂದೆ ಫೋಲ್ಡರಿನ ಪೂರ್ಣ ವಿಳಾಸವಿರುತ್ತದೆ. 2007ರ ಆವೃತ್ತಿಗೆ ಅದು 12.0 ಎಂಬ ಕವಲಿನಲ್ಲಿ, 2010ರದಕ್ಕೆ 14.0ರಲ್ಲಿ, 2016ರಿಂದ ಈಚಿನವುಗಳಿಗೆ 16.0ರಲ್ಲಿ ಸಿಗುತ್ತದೆ. ಔಟ್‌ಲುಕನ್ನು ಮುಚ್ಚಿ, ಆ ವಿಳಾಸವನ್ನು ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಅಂಟಿಸಿ, ತಿದ್ದಿದ ಕಡತಗಳೇನಾದರೂ ಇದ್ದರೆ ಮೊದಲು ಬೇರೆಡೆಗೆ ಎತ್ತಿಟ್ಟು, ಉಳಿದುದನ್ನು ಅಳಿಸುವುದು ಕ್ರಮ. ಈ ವಿಳಾಸ ಪ್ರತಿ ಬಳಕೆದಾರನ ಖಾತೆಗೂ ಪ್ರತ್ಯೇಕವಾಗಿರುವುದರಿಂದ, ಹಲವರು ಹಂಚಿಕೊಂಡ ಗಣಕದಲ್ಲಿ ಒಬ್ಬರ ಫೋಲ್ಡರ್ ಬರಿದಾದರೂ ಮಿಕ್ಕವರದು ತುಂಬಿಯೇ ಇರುತ್ತದೆ.